ಹನ್ನೊಂದನೆಯ ಎಣಿಕೆ

ಮೂವತ್ತೆರಡು ವರ್ಷ ಬಸ್ಸಿನಲ್ಲಿ ತಲೆ ಎಣಿಸಿದವನು ನಾನು.
ಕೂತವರು, ನಿಂತವರು, ಫುಟ್‌ಬೋರ್ಡಿಗೆ ಜೋತವರು,
ತಲೆಗೂ ಟಿಕೆಟ್ಟಿಗೂ ತಾಳೆಯಾಗದಿದ್ದರೆ
ನನ್ನ ಜೇಬಿಂದಲೇ ಕಟ್ಟಬೇಕು.
ಅದಕ್ಕೇ ಇರಬೇಕು, ಸಗಾಯಮೇರಿ ಟೀಚರು
ನಾನು ರಿಟೈರಾದ ತಿಂಗಳೇ ಮನೆಗೆ ಬಂದು
ಟಾರ್ಚು ಕೈಗಿಟ್ಟರು: "ಎಣಿಸೋದು ನಿಮಗೆ ಬರುತ್ತಲ್ಲ."

ಎಣಿಕೆಯ ರಾತ್ರಿಗೆ ನಿಯಮ ಇವೆ.
ಮುಖಕ್ಕೆ ಬೆಳಕು ಬಿಡಬಾರದು.
ಮಲಗಿದವರನ್ನು ಎಬ್ಬಿಸಬಾರದು.
ಕಂಬಳಿಯೊಳಗೆ ಎಷ್ಟು ಮಂದಿ ತಿಳಿಯದಿದ್ದರೆ
ಪಾದ ಎಣಿಸಿ ಎರಡರಿಂದ ಭಾಗಿಸಬೇಕು.
ಕಲಾಸಿಪಾಳ್ಯದಲ್ಲಿ ಮೊದಲ ವರ್ಷವೇ ಲೆಕ್ಕ ತಪ್ಪಿತು;
ಒಂಟಿ ಕಾಲಿನ ನಯಾಜ್ ಪಾಷಾ ಮುಸುಕು ತೆಗೆದು ನಕ್ಕ:
"ನನ್ನನ್ನ ಅರ್ಧ ಬರ್ಕೊಂಡ್ರಾ ಸಾರ್?"

ಆ ವರ್ಷ ಮಾರ್ಕೆಟ್ಟಿನ ಸುತ್ತ ಮುನ್ನೂರ ಹನ್ನೆರಡು.
ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಹೊದ್ದವರು,
ಮೇಲ್ಸೇತುವೆಯ ಕಂಬಕ್ಕೆ ಬೆನ್ನು ಕೊಟ್ಟು
ಕೂತೇ ನಿದ್ದೆ ಹೋದವರು.
ಎಲ್ಲರ ತಲೆಯಡಿ ಅವರವರ ಚಪ್ಪಲಿ.
ದಿಂಬಿಗಲ್ಲ. ಬೆಳಗಾದಾಗ ಇರಲಿ ಅಂತ.

ಎರಡು ಫರ್ಲಾಂಗ್ ಆಚೆ ರಾತ್ರಿ ತಂಗುದಾಣ,
ನಲವತ್ತು ಮಂಚ. ಹತ್ತರಲ್ಲಿ ಜನ, ಉಳಿದಂತೆ ಧೂಳು.
"ಈ ಜನ ಬರಲ್ಲ ಬಿಡಿ, ಬೀದಿಯೇ ರೂಢಿ ಇವರಿಗೆ"
ಅಂದರು ವಾರ್ಡಾಫೀಸಿನಲ್ಲಿ, ಬೈಟೂ ಕಾಫಿ ತರಿಸಿ.
ಅಕ್ಕಯಮ್ಮನನ್ನು ಕೇಳಿದೆ.
ಬಾಯಲ್ಲಿ ಕಚ್ಚಿದ್ದ ದಾರ ಬಿಡದೆ ಅಂದಳು:
"ಅಲ್ಲಿ ಒಂಬತ್ತಕ್ಕೆ ಬೀಗ ಹಾಕಿದ್ರೆ ಆರಕ್ಕೇ ತೆಗೆಯೋದು.
ಕನಕಾಂಬರದ ಲಾರಿ ಬರೋದು ಎರಡೂವರೆಗೆ.
ಲಾರಿ ಕಾಯುತ್ತಾ, ನಿಮ್ಮ ಗೇಟಿಗೆ?"

ಆ ಒಂದು ಗೇಟಿಗೆ ನಾಲ್ಕು ವರ್ಷ.
ಅರ್ಜಿ, ಅರ್ಜಿಯ ನೆನಪೋಲೆ,
ಕಳೆದುಹೋದ ಕಡತ ಬೇರೆ ಬಣ್ಣದ ರಟ್ಟಿನಲ್ಲಿ ಸಿಕ್ಕಿದ್ದು.
ನಮ್ಮಲ್ಲೂ ಇಬ್ಬರು ಸತ್ತರು, ಕೆಲವರು ಬೇಸತ್ತರು,
ಸರ್ಟಿಫಿಕೇಟಿಗೆಂದು ಬಂದ ಕಾಲೇಜು ಮಕ್ಕಳಲ್ಲಿ
ಒಬ್ಬಳು ಮಾತ್ರ, ಯಾಕೋ, ಉಳಿದುಕೊಂಡಳು.
ಐದನೆಯ ವರ್ಷ, ಒಂದು ಮಂಗಳವಾರ,
ಗೇಟಿನ ಹೊರಗಿದ್ದ ಚಿಲಕ ಕಿತ್ತು
ಒಳಗಡೆ ಜಡಿದರು.
ಅಷ್ಟೇ ಕೆಲಸ. ಆಚಾರಿಗೆ ಇನ್ನೂರು ರೂಪಾಯಿ.

ಅಕ್ಕಯಮ್ಮ ಬಂದಳು, ಎರಡು ರಾತ್ರಿ ಇದ್ದಳು,
ಮೂರನೆಯ ರಾತ್ರಿ ಮತ್ತೆ ಹದಿನೇಳನೆಯ ಕಂಬದ ಬುಡಕ್ಕೆ ಹೋದಳು:
"ಲಾರಿ ಸದ್ದಿಲ್ಲದೆ ನಿದ್ದೆ ಹತ್ತಲ್ಲ."
ಟೀಚರು ಏನೂ ಹೇಳಲಿಲ್ಲ. ಮಂಚ ಖಾಲಿ ಇಟ್ಟರು,
ಹದಿನೆಂಟು ದಿನ.

ಆಮೇಲೆ ಬಾಡಿಗೆ ಕೋಣೆ. ಈ ಊರಲ್ಲಿ ಬಾಡಿಗೆ ಕಟ್ಟಬಹುದು,
ಹತ್ತು ತಿಂಗಳ ಅಡ್ವಾನ್ಸು ಕಟ್ಟೋದು ಹೇಗೆ?
ಚೀಟಿ ಹಾಕಿದೆವು. ಒಬ್ಬರ ಕೋಣೆ ಬಿಟ್ಟಾಗ ಬಂದ ಹಣ
ಇನ್ನೊಬ್ಬರ ಬಾಗಿಲಿಗೆ.
ಸುಣ್ಣ ಬಳಿಸಿದ್ದಕ್ಕೆ ಓನರು ಹಿಡಿದದ್ದು ನಮ್ಮ ಕರ್ಮಕ್ಕೆ.

ನಿನ್ನೆ ಎಣಿಕೆಗೆ ಕರೆಯಲು ಅವಳ ಗಲ್ಲಿಗೆ ಹೋದೆ.
ಕೀಲಿಕೈ ಹೂವಿನ ದಾರದಲ್ಲಿ ಕೊರಳಿಗಿತ್ತು.
ಚಪ್ಪಲಿ ಬಾಗಿಲ ಹೊರಗೆ,
ಒಂದು ಹೀಗೆ, ಒಂದು ಹಾಗೆ,
ಬೀದಿಯಲ್ಲೇ ಬಿಟ್ಟಿದ್ದಳು ಮಹಾರಾಯ್ತಿ!

ಇನ್ನೂರ ಮೂರಾಗಿತ್ತು ಪುಸ್ತಕದಲ್ಲಿ.
ಕಡಿಮೆಯಾಯಿತು ಅಂತ ನಾನು ಖುಷಿ ಪಡುವಷ್ಟರಲ್ಲಿ
ಹದಿನೇಳನೆಯ ಕಂಬ ಬಂತು.
ಅವಳ ಜಾಗದಲ್ಲಿ ಒಬ್ಬ ಹುಡುಗ,
ಮೊನ್ನೆ ಇರಲಿಲ್ಲವಂತೆ.
ತಲೆಯಡಿಯಿಂದ ಒಂದು ಚಪ್ಪಲಿ ಜಾರಿತ್ತು.
ಅಕ್ಕಯಮ್ಮ ಟಾರ್ಚು ಆರಿಸಿ, ಬಗ್ಗಿ,
ಅದನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು.
"ಪೂರ್ತಿ ಒಂದು ಅಂತ ಬರ್ಕೋ" ಅಂದಳು,
"ಅರ್ಧ ಅಲ್ಲ."
ಕಿವಿಯ ಸಂದಿಯಿಂದ ಪೆನ್ಸಿಲ್ಲು ತೆಗೆದೆ.